ಅಲ್ಲಿ ಜಾಗ ಇದೆಯಲ್ಲಪ್ಪ!

ಬೆಂಗಳೂರು ನಮ್ಮ ಕೋಲಾರ ಜಿಲ್ಲೆಗೆ ಧಾರಾಳವಾಗಿ ಕೊಟ್ಟದ್ದು ಎರಡು. ಮೊದಲನೆಯದು 2018ರಲ್ಲಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬಂತು. ಅಲ್ಲಿನವರು ಮಿಂದು, ತೊಳೆದು, ಮೋರಿಗೆ ಬಿಟ್ಟ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಇಳಿಯಿತು. ಮೂರನೇ ಹಂತವನ್ನೂ ಮುಗಿಸಿ ಕಳಿಸಿ ಸ್ವಾಮಿ ಎಂದು ನಮ್ಮ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಎರಡನೆಯದು 2025ರ ಆಗಸ್ಟಿನ ಒಂದು ಭಾನುವಾರ ನನ್ನ ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೈರಕೂರಿನ ನಮ್ಮ ಮನೆ ಮುಂದೆ ಇಳಿಯಿತು. ಮೂರು ತಿಂಗಳ ಲ್ಯಾಬ್ರಡಾರ್ ಮರಿ. ಅದಕ್ಕೂ ಎರಡು ಲಸಿಕೆ ಆಗಿತ್ತು. ಮೂರನೆಯದು ಬಾಕಿ.

"ಅಪಾರ್ಟ್‌ಮೆಂಟಲ್ಲಿ ಕಷ್ಟ ಆಗ್ತಿದೆ. ಇಲ್ಲಾದ್ರೆ ಜಾಗ ಇದೆಯಲ್ಲಪ್ಪ" ಎಂದ ಮಗ.

ಈ ಮಾತು ನನಗೆ ಹೊಸದಲ್ಲ. ಎರಡು ವಾರ ಓಡಿ ನಿಂತುಬಿಟ್ಟ ಟ್ರೆಡ್‌ಮಿಲ್ ಹೀಗೇ ಬಂದು ದನದ ಕೊಟ್ಟಿಗೆ ಸೇರಿದೆ; ಅದರ ಮೇಲೆ ಈಗ ಹಿಂಡಿ ಚೀಲ ನಡೆಯುತ್ತಿದೆ. ಸ್ಪ್ರಿಂಗು ಎದ್ದ ಸೋಫಾ ಬಂತು. ಮೀನಿಲ್ಲದ ಮೀನಿನ ತೊಟ್ಟಿ ಬಂತು. ಇಲ್ಲಿಂದ ಹಾಲು ಹೋಗುತ್ತದೆ, ಟೊಮೆಟೊ ಹೋಗುತ್ತದೆ, ಶ್ರೀನಿವಾಸಪುರದ ಮಾವು ಹೋಗುತ್ತದೆ, ಓದಿದ ಮಕ್ಕಳೂ ಹೋಗುತ್ತಾರೆ. ಹಿಂದಿರುಗುವ ಲಾರಿ ಖಾಲಿ ಬರಬಾರದಲ್ಲ.

ಮಗನ ಕಷ್ಟವೂ ಅಪ್ಪಟವಾದದ್ದೇ. 2022ರ ಜೂನಿನಲ್ಲಿ '777 ಚಾರ್ಲಿ' ಬಂದಾಗ ಅವನೂ ಸೊಸೆಯೂ ನೋಡಿ ಅತ್ತರಂತೆ. ಲಾಭದಾಸೆಗೆ ನಾಯಿಗಳ ರಕ್ತಸಂಬಂಧದಲ್ಲೇ ಮರಿ ಹುಟ್ಟಿಸುವ ದಂಧೆಯನ್ನು ಬೈಯುವ ಚಿತ್ರ ಅದು. ಅದನ್ನು ನೋಡಿ ಅತ್ತವನು ಮೂರು ವರ್ಷ ಬಿಟ್ಟು, ಮರೆಯದೆ, ಅಂಥದ್ದೇ ಒಂದು ದಂಧೆಯವನ ಹತ್ತಿರ ಅದೇ ಜಾತಿಯ ಮರಿಗೆ ಮುಂಗಡ ಕೊಟ್ಟು ಬಂದಿದ್ದಾನೆ. ಇದರಲ್ಲಿ ಚಿತ್ರದ ತಪ್ಪೇನೂ ಇಲ್ಲ. 2003ರಲ್ಲಿ ಹಚ್ ಜಾಹೀರಾತು ನೋಡಿ ಊರೂರಲ್ಲಿ ಪಗ್ ಕೊಂಡವರಿಗೂ ನೆಟ್‌ವರ್ಕ್ ಸಿಗಲಿಲ್ಲ.

ಮರಿಯ ಜೊತೆ ಒಂದು ಸರ್ಟಿಫಿಕೇಟು ಬಂತು. ಅಪ್ಪ, ತಾತ, ಮುತ್ತಾತ, ಅವರವರ ಹೆಂಡಿರು, ಎಲ್ಲರ ಹೆಸರೂ ಇಂಗ್ಲಿಷಿನಲ್ಲಿ. ನನ್ನ ಮುತ್ತಾತನ ಹೆಸರು ಪಹಣಿಯಲ್ಲಿ ಒಂದು ರೀತಿ, ಪೌತಿ ಖಾತೆಯಲ್ಲಿ ಇನ್ನೊಂದು ರೀತಿ ಇದೆ. ನಾಯಿಯ ಮುತ್ತಾತನದು ಸ್ಪೆಲ್ಲಿಂಗ್ ಸಮೇತ ಸರಿಯಾಗಿದೆ. ಮರಿಯ ಹೆಸರು ಬ್ರೂನೋ. ನಮ್ಮಮ್ಮನಿಗೆ ಎಂಬತ್ತು ದಾಟಿದೆ, ಮೇಲಿನ ಸಾಲಿನಲ್ಲಿ ಹಲ್ಲಿಲ್ಲ. ಬ್ರೂನೋ ಅವರ ಬಾಯಲ್ಲಿ ಮೊದಲ ದಿನ ಬೂರಣ್ಣ, ಮಾರನೇ ದಿನ ಬೋರಣ್ಣ. ನಮ್ಮ ಬೀದಿಯ ಕೊನೇ ಮನೆಯಲ್ಲಿ ಅದೇ ಹೆಸರಿನ ಹಿರಿಯರೊಬ್ಬರಿದ್ದಾರೆ. "ಬೋರಣ್ಣಾ, ಅಂಗಳದಲ್ಲಿ ಹೇತ್ರೆ ಬಾರಿಸ್ತೀನಿ ನೋಡು" ಎಂದು ನಮ್ಮಮ್ಮ ಬೆಳಗಾಗೆದ್ದು ಕೂಗಿದ್ದು ಕೇಳಿ ಅವರು ಮೂರು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಎರಡು ಪುಟದ ಒಂದು ಪಟ್ಟಿಯೂ ಬಂದಿತ್ತು. ಏನು ಕೊಡಬಹುದು, ಏನು ಕೊಡಬಾರದು. ಹೆಂಡತಿ ಓದಿದಳು, ಅಮ್ಮ ಕೇಳಿದರು.

"ಈರುಳ್ಳಿ ಕೂಡದು. ಬೆಳ್ಳುಳ್ಳಿ ಕೂಡದು."

"ಓಹೋ, ಮಡಿ ನಾಯಿ" ಎಂದರು ಅಮ್ಮ.

"ಮೊಟ್ಟೆ ಕೊಡಬಹುದು. ಬೇಯಿಸಿದ ಕೋಳಿ ಕೊಡಬಹುದು."

ಅಮ್ಮ ಬಹಳ ಹೊತ್ತು ಯೋಚಿಸಿದರು. ಕೋಳಿ ತಿಂದು ಬೆಳ್ಳುಳ್ಳಿ ಬಿಡುವ ಜಾತಿ ಯಾವುದೆಂದು ಅವರಿಗೆ ಇಂದಿಗೂ ಬಗೆಹರಿದಿಲ್ಲ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಆಗದು, ಚಾಕೊಲೇಟ್ ವಿಷ ಎಂದು ನಾನು ಪಾಠ ಮಾಡಿದೆ. ಈರುಳ್ಳಿ ಬೆಳ್ಳುಳ್ಳಿ ಹಾಕದೆ ನಮ್ಮ ಮನೆಯಲ್ಲಿ ಸಾರು ಕುದಿಯುವುದು ವರ್ಷಕ್ಕೆ ಎರಡೇ ದಿನ, ಅದೂ ಏಕಾದಶಿಗೆ. ಹೀಗಾಗಿ ಬೋರಣ್ಣನಿಗೆ ಬೇರೆ ಒಲೆ. ಪಟ್ಟಿಯ ಕೊನೆಯಲ್ಲಿದ್ದ ಡಾಗ್ ಫುಡ್ಡಿನ ಒಂದು ಚೀಲದ ಬೆಲೆಗೆ ವಡ್ಡಹಳ್ಳಿ ಮಂಡಿಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎಷ್ಟು ಹಾಕಬೇಕೆಂದು ಲೆಕ್ಕಕ್ಕೆ ಕೂತೆ. ಬಿಪಿ ಇರುವವನು ಆ ಲೆಕ್ಕ ಮುಗಿಸಬಾರದು.

ಇನ್ನು ಒಂದಕ್ಕೆ, ಎರಡಕ್ಕೆ. ಮರಿ ಎಷ್ಟು ತಿಂಗಳಿನದೋ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ನಾಯಿ ಸಾಕುವವರ ಲೆಕ್ಕ. ಮೂರು ತಿಂಗಳಿಗೆ ಮೂರು ಗಂಟೆ. ನಾನು ಮೂವತ್ತೈದು ವರ್ಷ ಪ್ರೈಮರಿ ಮೇಷ್ಟ್ರಾಗಿದ್ದವನು. ಕಿರುಬೆರಳೆತ್ತಿ ನಿಂತ ಎಷ್ಟೋ ಮಕ್ಕಳಿಗೆ "ಕೂತ್ಕೋ, ಬೆಲ್ ಹೊಡೀಲಿ" ಎಂದಿದ್ದೇನೆ. ಆ ಶಾಪಗಳೆಲ್ಲ ನಿವೃತ್ತಿಯ ನಂತರ ಒಟ್ಟಿಗೆ ಬಂದವು. ರಾತ್ರಿ ಹನ್ನೊಂದಕ್ಕೆ ಬೆಲ್, ಎರಡಕ್ಕೆ ಬೆಲ್, ಐದಕ್ಕೆ ಬೆಲ್. ಬೆಲ್ ಹೊಡೆಯುವವನು ಅವನು, ಬೆರಳೆತ್ತಿ ಬಾಗಿಲಲ್ಲಿ ನಿಂತವನು ನಾನು. ಅಂಗಳಕ್ಕೆ ಕರೆದೊಯ್ದರೆ ಹುಲ್ಲು ಮೂಸುತ್ತಾನೆ, ನಕ್ಷತ್ರ ನೋಡುತ್ತಾನೆ, ನಂಗಲಿ ಕಡೆಯಿಂದ ಬರುವ ಲಾರಿ ಹಾರನ್ನಿಗೆ ಕಿವಿ ನಿಗುರಿಸುತ್ತಾನೆ. ಏನೂ ಇಲ್ಲವೆಂದು ಒಳಗೆ ತಂದರೆ ದೇವರ ಮನೆ ಹೊಸ್ತಿಲ ಮೇಲೆ ಮಾಡುತ್ತಾನೆ. ಹೊಡೆಯಬೇಡಿ, ಮೂಗನ್ನು ಅದಕ್ಕೆ ಉಜ್ಜಬೇಡಿ, ಹೊರಗೆ ಮಾಡಿದ ಕೂಡಲೇ ಹೊಗಳಿ ಎಂದು ಪಟ್ಟಿ ಹೇಳುತ್ತದೆ. ಮಾತು ಖರೆ, ಹೊಡೆದರೆ ಮರಿ ನಮ್ಮ ಕಣ್ಣು ತಪ್ಪಿಸಿ ಮೂಲೆಯಲ್ಲಿ ಮಾಡುವುದನ್ನು ಕಲಿಯುತ್ತದಷ್ಟೇ. ಬೆಳಗಿನ ಜಾವ ಐದಕ್ಕೆ ಲುಂಗಿ ಎತ್ತಿಕಟ್ಟಿ, ಟಾರ್ಚು ಹಿಡಿದು, "ಭೇಷ್ ಬೋರಣ್ಣ, ಭೇಷ್" ಎಂದು ಚಪ್ಪಾಳೆ ತಟ್ಟುತ್ತಿದ್ದ ನನ್ನನ್ನು ಡೇರಿಗೆ ಕ್ಯಾನು ಹೊತ್ತು ಹೊರಟವರು ನಿಂತು ನೋಡಿದರು. ಅವರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು. ನೂರಕ್ಕೆ ತೊಂಬತ್ತು ತೆಗೆದಾಗಲೂ ನಾನು ಅವರಿಗೆ ಭೇಷ್ ಅಂದವನಲ್ಲ.

ಭಾಷೆಯದು ಇನ್ನೊಂದು ಫಜೀತಿ. ಮಗ ಇಂಗ್ಲಿಷಿನಲ್ಲಿ ತಿದ್ದಿ ಕಳಿಸಿದ್ದ: ಸಿಟ್, ಸ್ಟೇ, ನೋ. ನಮ್ಮದು ಗಡಿ ಸೀಮೆ. ಬೀದಿಯಲ್ಲಿ ಕನ್ನಡ, ಒಲೆ ಮುಂದೆ ತೆಲುಗು, ಬೈಗುಳದಲ್ಲಿ ಎರಡೂ. ಹೆಂಡತಿ "ಕೂತ್ಕೊಳೋ" ಅಂದರೆ ಅಮ್ಮ "ರಾ ನಾಯನಾ" ಎಂದು ತೊಡೆ ತಟ್ಟುತ್ತಾರೆ. ತ್ರಿಭಾಷಾ ಸೂತ್ರದಲ್ಲಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಅವನು ಮೂರನ್ನೂ ಬಿಟ್ಟು ಚಪ್ಪಲಿ ಕಚ್ಚುವುದಕ್ಕೆ ಹೋದ.

ಹಲ್ಲಿನ ಕಥೆ ಬೇರೆಯೇ ಇದೆ. ಮರಿಗೆ ಹಾಲುಹಲ್ಲು 28, ಬೆಳೆದ ನಾಯಿಗೆ 42. ನಾಲ್ಕರಿಂದ ಆರು ತಿಂಗಳ ನಡುವೆ ಒಂದು ಸಾಲು ಹೋಗಿ ಇನ್ನೊಂದು ಬರಬೇಕು, ಅಷ್ಟೂ ದಿನ ಒಸಡು ತುರಿಸುತ್ತದೆ. ಬೆಂಗಳೂರಿನಲ್ಲಾಗಿದ್ದರೆ ಸೋಫಾದ ಕಾಲು ಹೋಗುತ್ತಿತ್ತು. ಇಲ್ಲಿ ಡ್ರಿಪ್ ಪೈಪು ಹೋಯಿತು. ಸಾವಿರದಿನ್ನೂರು ಅಡಿ ಬೋರಿನಿಂದ ಎರಡಿಂಚಿಗೂ ಗತಿಯಿಲ್ಲದೆ ಬರುವ ನೀರು, ಗಿಡದ ಬುಡಕ್ಕೆ ತೊಟ್ಟು ತೊಟ್ಟಾಗಿ ಬೀಳಬೇಕಾದದ್ದು, ಬೋರಣ್ಣ ಕಚ್ಚಿದ ಕಡೆಯೆಲ್ಲ ಕಾರಂಜಿಯಾಗಿ ಎದ್ದಿತು. ಅವನು ಅದರ ಕೆಳಗೆ ಮಲಗಿದ. ತಪ್ಪು ಅವನದಲ್ಲ. ಈ ಜಾತಿಯ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಸ್ತರ ಜೊತೆ ಮಂಜುಗಡ್ಡೆಯಂಥ ನೀರಿಗೆ ಹಾರಿ ಬಲೆ ಎಳೆದವರು, ತಪ್ಪಿಸಿಕೊಂಡ ಮೀನು ಕಚ್ಚಿ ತಂದವರು. ಅದಕ್ಕೆಂದೇ ಎರಡು ಪದರ ತುಪ್ಪಳ, ನೀರುನಾಯಿಯಂಥ ದಪ್ಪ ಬಾಲ. ಅಂಥದ್ದನ್ನು ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಗೆ ಹುಡುಕಿ ತಂದು ಬಿಟ್ಟ ನನ್ನ ಮಗ ಎಂಜಿನಿಯರು.

ಊರು ಸುಮ್ಮನಿರುತ್ತದೆಯೇ? ಜಗಲಿಗೆ ಬಂದವರೆಲ್ಲ ತಜ್ಞರು. ಬಾಲ ಕತ್ತರಿಸಿ ಮೇಷ್ಟ್ರೇ, ಚುರುಕಾಗ್ತದೆ ಎಂದರು ಒಬ್ಬರು. ಖಾರ ತಿನ್ನಿಸಿ, ರೋಷ ಬರ್ತದೆ ಎಂದರು ಇನ್ನೊಬ್ಬರು. ಬಾಲ ಕಿವಿ ಕತ್ತರಿಸುವುದನ್ನು 2017ರ ಶ್ವಾನ ತಳಿ ಮತ್ತು ಮಾರಾಟ ನಿಯಮಗಳೇ ನಿಷೇಧಿಸಿವೆ ಎಂದೆ. ಅದೇ ನಿಯಮ ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತಲೂ ಹೇಳುತ್ತದೆ. ನಮ್ಮವನನ್ನು ತಾಯಿಯಿಂದ ಕಿತ್ತು ಮಾರಿದ್ದು ನಲವತ್ತನೇ ದಿನ. ತಾಯಿ, ಒಡಹುಟ್ಟುಗಳ ಜೊತೆ ಕಚ್ಚಾಡಿ, "ಇಷ್ಟು ಕಚ್ಚಿದರೆ ಆಟ, ಇದಕ್ಕಿಂತ ಹೆಚ್ಚಾದರೆ ಏಟು" ಎಂದು ಕಲಿಯುವ ಶಾಲೆಗೆ ಅವನು ಸೇರಲೇ ಇಲ್ಲ. ಹೀಗಾಗಿ ನಮ್ಮ ಮೂವರ ಕೈಕಾಲೂ ಅವನಿಗೆ ಪಾಟಿ.

ಕೈ ತುಂಬ ಗೀರು ನೋಡಿ ನನಗೇ ದಿಗಿಲಾಯಿತು. ಮರಿಯನ್ನು ಟೊಮೆಟೊ ಕ್ರೇಟಿನಲ್ಲಿ ಕೂರಿಸಿ, ಕ್ರೇಟನ್ನು ಟಿವಿಎಸ್ ಎಕ್ಸ್‌ಎಲ್‌ಗೆ ಕಟ್ಟಿ ದನದ ಆಸ್ಪತ್ರೆಗೆ ಹೊರಟೆ. ಡಾಕ್ಟರು ಒಂದು ಕೈ ಹಸುವಿನೊಳಗೆ ಇಟ್ಟುಕೊಂಡೇ ನನ್ನನ್ನು ವಿಚಾರಿಸಿದರು. "ಮೂರನೇ ಡೋಸು ಬಿಡಬೇಡಿ ಮೇಷ್ಟ್ರೇ. ಪಾರ್ವೋ ಬಂದ್ರೆ ರಕ್ತಭೇದಿ, ಮರಿ ಎರಡು ಮೂರು ದಿನ ನಿಲ್ಲಲ್ಲ. ಆ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ ಇರ್ತದೆ." ಅದು ಜಗತ್ತಿನ ಕಣ್ಣಿಗೆ ಬಿದ್ದದ್ದೇ 1978ರಲ್ಲಿ, ನನ್ನಷ್ಟೂ ವಯಸ್ಸಾಗದ ಕಾಯಿಲೆ. ಪಾರ್ವೋದ್ದು ಅಂದೇ ಆಯಿತು. ರೇಬೀಸ್ ಸೂಜಿಗೂ ಮೂರು ತಿಂಗಳು ತುಂಬಿತ್ತು, ಅದೂ ಆಯಿತು. ನನಗೂ ಸೂಜಿ ಬಿತ್ತು, ತೋಳಿಗೆ; ಹೊಕ್ಕುಳ ಸುತ್ತ ಹದಿನಾಲ್ಕು ಎಂದು ನಮ್ಮಮ್ಮ ದಾರಿಯುದ್ದಕ್ಕೂ ಹೆದರಿಸಿದ್ದು ಹಳೇ ಕಾಲದ ಲೆಕ್ಕ.

ಇಷ್ಟೆಲ್ಲ ನಡೆಯುವಾಗ ನಮ್ಮ ಜಗಲಿಯ ಕೆಳಗೆ ಮಲಗಿ ಎಲ್ಲವನ್ನೂ ನೋಡುತ್ತಿದ್ದವಳು ಕೆಂಚಿ.

ಕೆಂಚಿಗೆ ಸರ್ಟಿಫಿಕೇಟಿಲ್ಲ. ಒಂದು ಕಿವಿ ಹರಿದಿದೆ. ಆರು ವರ್ಷದಿಂದ ನಮ್ಮ ಮನೆ ಕಾಯುತ್ತಿದ್ದಾಳೆ, ಸಂಬಳ ರಾತ್ರಿ ಉಳಿದ ಮುದ್ದೆ. ಹಸಿದ ನಾಯಿಗೆ ಹಳಸಿದ ಅನ್ನ ಎಂದು ಗಾದೆಯೇ ಇರುವುದರಿಂದ ಈ ವೇತನಕ್ಕೆ ಪರಿಷ್ಕರಣೆಯೂ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತಲ್ಲ, ಬೇಲೂರಿನ ಕಡೆ ಹೊಲಕ್ಕೇ ನುಗ್ಗಿ ಹಣ್ಣು ಕದ್ದ ಸುದ್ದಿ ಬಂತಲ್ಲ, ಆಗ ರಾತ್ರಿಯಿಡೀ ತೋಟದ ಬೇಲಿ ಸುತ್ತಿದವಳು ಇವಳು. ನಾವು ಇವಳಿಗೆ ಎಂದೂ ಸೂಜಿ ಹಾಕಿಸಿರಲಿಲ್ಲ. ಇವಳನ್ನು ನಾವು ಸಾಕಿದ್ದೇವೆಂದು ನಮಗೇ ಗೊತ್ತಿರಲಿಲ್ಲ.

ನಮ್ಮ ಭಾಷೆಯೇ ಇಂಥದ್ದು. ಕೊಂಡು ತಂದದ್ದು 'ಜಾತಿ ನಾಯಿ', ಕೊಳ್ಳದೆ ಬಂದದ್ದು 'ಕಂತ್ರಿ'. ಕಂತ್ರಿ ಬಂದದ್ದು ಇಂಗ್ಲಿಷಿನ ಕಂಟ್ರಿಯಿಂದ ಎನ್ನುತ್ತಾರೆ. ಕಂಟ್ರಿ ಅಂದರೆ ನಾಡು. ನಾಡಿನ ನಾಯಿ, ಅಂದರೆ ನಮ್ಮದೇ ನಾಯಿ, ದೊರೆಗಳ ಬಾಯಲ್ಲಿ ಕಂಟ್ರಿಯಾಗಿ ನಮ್ಮ ಬಾಯಲ್ಲಿ ಬೈಗುಳವಾಯಿತು. ನಾಟಿ ಕೋಳಿಗೆ ಬೆಲೆ ಬಂದಿದೆ, ನಾಟಿ ಹಸುವಿನ ತುಪ್ಪಕ್ಕೆ ಬೆಂಗಳೂರಿನವರು ಮುಗಿಬೀಳುತ್ತಾರೆ, ನಾಟಿ ನಾಯಿಗೆ ಮಾತ್ರ ಇನ್ನೂ ಕಾಲ ಬಂದಿಲ್ಲ. ಮುಧೋಳದ ನಾಯಿಗೂ 2005ರಲ್ಲಿ ಅಂಚೆಚೀಟಿ, 2020ರಲ್ಲಿ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯ ಬಾಯಿಂದ ಹೊಗಳಿಕೆ ಸಿಕ್ಕ ಮೇಲೆಯೇ ಪೇಟೆಯವರು ಅದಕ್ಕೆ ಜಾತಿ ಕೊಟ್ಟದ್ದು. ಹಾಗೆಂದು ಸರ್ಕಾರ ಕೈಕಟ್ಟಿ ಕೂತಿಲ್ಲ. 2023ರ ಜನನ ನಿಯಂತ್ರಣ ನಿಯಮಗಳಲ್ಲಿ ಬೀದಿ ನಾಯಿಯನ್ನು 'ಸಮುದಾಯ ಪ್ರಾಣಿ' ಎಂದು ಕರೆದಿದ್ದಾರೆ. ಸಮುದಾಯ ಅಂದರೇನೆಂದು ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ವೇದಿಕೆ ಮೇಲೆ ಜಾತಿ ಎನ್ನಲು ನಾಚಿದಾಗ ಬಳಸುವ ಪದ. ಅಲ್ಲಿಗೆ ಒಂದು ಜಾತಿ ನಾಯಿ, ಇನ್ನೊಂದು ಸಮುದಾಯದ ನಾಯಿ. ಸಾಮಾಜಿಕ ನ್ಯಾಯ ಆಯಿತು.

ಬೋರಣ್ಣ ಬಂದ ತಿಂಗಳೇ ಟಿವಿಯಲ್ಲಿ ಸುಪ್ರೀಂ ಕೋರ್ಟು. ಆಗಸ್ಟ್ 11ರಂದು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯಕ್ಕೆ ಹಾಕಿ, ಮತ್ತೆ ಬಿಡಬೇಡಿ ಎಂದು ಆದೇಶ. 22ಕ್ಕೆ ಅದು ಬದಲಾಗಿ, ರೋಗ ಹಿಡಿದವು ಕಚ್ಚುವವು ಬಿಟ್ಟು ಉಳಿದವಕ್ಕೆ ಸಂತಾನಹರಣ, ಲಸಿಕೆ ಮಾಡಿ ಹಿಡಿದಲ್ಲೇ ಬಿಡಿ ಎಂದಾಯಿತು. ಈ ಹನ್ನೊಂದು ದಿನ ಕೆಂಚಿ ಟಿವಿಗೆ ಬೆನ್ನು ಹಾಕಿ ಮಲಗಿದ್ದಳು. ನಾನು ಟಿವಿಯನ್ನೂ ಅವಳನ್ನೂ ನೋಡಿದೆ. ಮಾರನೇ ದಿನ ಕ್ರೇಟು ಸಾಲದೆ ಅವಳನ್ನು ಗೋಣಿಚೀಲದ ಮೇಲೆ ಕೂರಿಸಿಕೊಂಡು ದನದ ಆಸ್ಪತ್ರೆಗೆ ಮತ್ತೆ ಹೋದೆ. "ಇದೂ ನಿಮ್ದಾ ಮೇಷ್ಟ್ರೇ?" ಎಂದರು ಡಾಕ್ಟರು. ಆರು ವರ್ಷದಲ್ಲಿ ಮೊದಲ ಸಲ ಹೌದೆಂದೆ.

ಬೋರಣ್ಣನ ವಿದ್ಯಾಭ್ಯಾಸ ಕೆಂಚಿಯ ಕೈಗೆ ಹೋದದ್ದು ಆ ವಾರ. ಅವನು ಹೋಗಿ ಅವಳ ಹರಿದ ಕಿವಿ ಕಚ್ಚಿದ. ಅವಳು ಗುರ್ ಎಂದಳು. ಮತ್ತೆ ಕಚ್ಚಿದ. ಅವನ ಮೂತಿಯನ್ನು ಬಾಯಲ್ಲಿ ಹಿಡಿದು, ಹಲ್ಲು ಊರದೆ, ನೆಲಕ್ಕೆ ಒತ್ತಿ ಬಿಟ್ಟಳು. ಕುಂಯ್ ಎಂದು ಕೂತ. ಮಗ ವಾರಗಟ್ಟಲೆ ಬಿಸ್ಕತ್ತು ತೋರಿಸಿ ಹೇಳಿದ "ಸಿಟ್" ಅದು. ನಾಲ್ಕು ದಿನಕ್ಕೆ ಕಚ್ಚುವುದು ನಿಂತಿತು. ಒಂದು ವಾರಕ್ಕೆ ಬೇವಿನ ಮರದ ಹಿಂದೆ ಹೋಗಿ ಬರುವುದನ್ನು ಕಲಿತ. ಮೇಷ್ಟ್ರ ಟ್ರೈನಿಂಗ್ ಮುಗಿಸಿದ ನಾನು ಜಗಲಿಯಲ್ಲಿ ಕೂತು ಪಾಠಯೋಜನೆ ಬರೆದುಕೊಂಡೆ. ನಮ್ಮಮ್ಮನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅವರ ಲೆಕ್ಕದಲ್ಲಿ ಬೈರಕೂರಿನ ಬೈರ ಅಂದರೆ ಭೈರವ, ಭೈರವನ ವಾಹನ ನಾಯಿ, ವಾಹನಕ್ಕೆ ಲೈಸೆನ್ಸು ಕೇಳುವವರು ಯಾರು?

ಸೆಪ್ಟೆಂಬರ್ 22ರಿಂದ ಜಾತಿ ಗಣತಿ ಶುರುವಾಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಎನ್ನಬೇಕಂತೆ. ನಮ್ಮ ಮನೆಗೆ ಬಂದದ್ದು ಒಬ್ಬ ಟೀಚರಮ್ಮ, ಮೊಬೈಲಿನಲ್ಲಿ ಅರವತ್ತು ಪ್ರಶ್ನೆ. ಮೊದಲ ಹತ್ತಕ್ಕೇ ಬೋರಣ್ಣ ಅವರ ಬ್ಯಾಗಿನ ಪಟ್ಟಿ ಹಿಡಿದಿದ್ದ. "ಇವನ ಜಾತೀನೂ ಬರ್ಕೊಳ್ಳವ್ವ, ಸರ್ಟಿಫಿಕೇಟ್ ಐತೆ, ಮುತ್ತಾತನ ತನಕ ಐತೆ" ಎಂದರು ಅಮ್ಮ. ಟೀಚರಮ್ಮ ನಗಲಿಲ್ಲ. ಬೆಳಗಿಂದ ಒಂದು ಲೋಟ ನೀರು ಕುಡಿಯಲು ಬಿಡುವಿಲ್ಲದವರು ನಗುವುದು ಕಷ್ಟ. "ಆ ಕಂದು ನಾಯಿದು?" ಎಂದು ಕೇಳಿದರು. ಅದಕ್ಕೆ ಕಾಲಂ ಬೇಡ ಎಂದೆ.

ಸರ್ಟಿಫಿಕೇಟಿಲ್ಲದ ನಾಯಿಗೂ ಒಂದು ಕಾಲದಲ್ಲಿ ಕಲ್ಲೇ ಸರ್ಟಿಫಿಕೇಟಾಗಿತ್ತು. ಮಂಡ್ಯ ಸೀಮೆಯ ಆತಕೂರಿನ ಶಾಸನ, ಸುಮಾರು 950ರದ್ದು. ತಕ್ಕೋಲದ ಯುದ್ಧದಲ್ಲಿ ಗೆದ್ದು ಬಂದ ಗಂಗರ ಬೂತುಗ ಮೆಚ್ಚಿ, ಏನು ಬೇಕು ಕೇಳು ಎಂದಾಗ ಮಣಲೆರ ಎಂಬ ವೀರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡುವ ಚಿತ್ರವಿದೆ. ಕಾಳಿಯ ತಾತ ಮುತ್ತಾತರ ವಿಚಾರ ಅದರಲ್ಲಿ ಒಂದಕ್ಷರ ಇಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಳ್ಳಿಯ ನಾಯಿ ಕಲ್ಲಾಗಿ ಬೆಂಗಳೂರು ಸೇರಿತು, ಬೆಂಗಳೂರಿನ ನಾಯಿ ಬೈರಕೂರಿಗೆ ಬಂತು. ಕೊಡುಕೊಳ್ಳುವಿಕೆ ಅಂದರೆ ಇದೇ ಇರಬೇಕು.

ದೀಪಾವಳಿಗೆ ಮಗ ಸೊಸೆ ಬಂದರು. ಕಾರು ಬೀದಿ ತಿರುಗುತ್ತಿದ್ದಂತೆ ಬೋರಣ್ಣ ಬಾಗಿಲಿಗೆ ಅಡ್ಡ ನಿಂತು ಬೊಗಳಿದ. ಎರಡು ತಿಂಗಳಲ್ಲಿ ಎರಡರಷ್ಟಾಗಿದ್ದ, ಗಂಟಲೂ ಒಡೆದಿತ್ತು. ಪಕ್ಕದಲ್ಲಿ ಕೆಂಚಿ.

"ಬ್ರೂನೋ! ಸಿಟ್!" ಎಂದ ಮಗ.

ಬೋರಣ್ಣ ಕೆಂಚಿಯ ಮುಖ ನೋಡಿದ. ಅವಳೇನೂ ಹೇಳಲಿಲ್ಲ. ಮತ್ತೆ ಬೊಗಳಿದ.

"ಹಚಾ! ಬಿಡೋ ಬೋರಣ್ಣ, ಅವನೂ ನಮ್ಮೋನೇ" ಎಂದು ಅಮ್ಮ ಒಳಗಿನಿಂದ ಕೂಗಿದ ಮೇಲೆ ದಾರಿ ಬಿಟ್ಟ.

ಶೂ ಬಿಚ್ಚಿ ಮಗ ಒಳಗೆ ಬಂದ. ಮುದ್ದೆ, ಅವರೆಕಾಳು ಸಾರು. ಎರಡನೇ ಮುದ್ದೆ ಮುರಿಯುವಾಗ ಮೆಲ್ಲಗೆ ಮಾತು ತೆಗೆದ. ಅವನ ಆಫೀಸಿನವರೊಬ್ಬರ ಹತ್ತಿರ ಒಂದು ಹಸ್ಕಿ ಇದೆಯಂತೆ. ಸೈಬೀರಿಯಾದ್ದು, ಹಿಮದಲ್ಲಿ ಗಾಡಿ ಎಳೆಯುವ ಜಾತಿ. ಒಂದೂವರೆ ವರ್ಷದ್ದು, ಬಹಳ ಸಾಧು. ದಿನವಿಡೀ ಏಸಿ ಹಾಕಿಡಬೇಕು, ಕರೆಂಟ್ ಬಿಲ್ಲು ತಡೆಯೋಕಾಗ್ತಿಲ್ಲ. ಅವರು ಕೇಳ್ತಿದ್ರು.

"ಇಲ್ಲಾದ್ರೆ..." ಎಂದು ಶುರು ಮಾಡಿದ.

ಹೆಂಡತಿ ಸೌಟು ಹಿಡಿದು ತಿರುಗಿದಳು. ಅವನು ಅಲ್ಲಿಗೇ ನಿಲ್ಲಿಸಿ ಕೈ ತೊಳೆಯಲು ಎದ್ದ. ಹಿತ್ತಿಲಿಗೆ ಹೋದವನು ಬರಿಗಾಲಲ್ಲಿ ಓಡಿ ಬಂದ. ಆ ಶೂ ಆನ್‌ಲೈನಿನಲ್ಲಿ ರಿಯಾಯಿತಿ ಕಳೆದು ಒಂಬತ್ತು ಸಾವಿರವಂತೆ. ಒಂದು ಬೇವಿನ ಬುಡದಲ್ಲಿ ಬೋರಣ್ಣನ ಬಾಯಲ್ಲಿತ್ತು, ಹಿಮ್ಮಡಿ ಆಗಲೇ ಹೋಗಿತ್ತು. ಇನ್ನೊಂದನ್ನು ಹುಡುಕಿದೆವು. ಜಗಲಿಯ ಕೆಳಗೆ, ಗೋಣಿಚೀಲದ ಮೇಲೆ, ಕೆಂಚಿ ತನ್ನ ಪಾಲನ್ನು ಸಾವಕಾಶವಾಗಿ ಅಗಿಯುತ್ತಿದ್ದಳು.